ನೀವು ಪರೀಕ್ಷೆ ಮಾಡಿದ್ದು ನನ್ನ ಸೊಸೆ ಕಾಯಿಸಿದ ನೀರು

ಪಟ್ಟಣದ ನೀರು ಮತ್ತು ನೈರ್ಮಲ್ಯ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಬೀದಿಯ ನಲ್ಲಿ ನೀರು ಶುದ್ಧವಾಗಿದೆ, ಕುಡಿಯಲು ಯೋಗ್ಯವಾಗಿದೆ ಅಂತ ಸಹಿ ಹಾಕಿ, ಮೊಹರು ಒತ್ತಿ, ಮನೆಮನೆಗೂ ಹಂಚಿ ಹೋಗಿದ್ದೀರಲ್ಲ, ಆ ಕಾಗದ ಸುಳ್ಳು. ಅದನ್ನು ವಾಪಸು ತಗೊಳ್ಳಿ. ಬೇಡಿಕೆಯನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ನಿಮ್ಮಂಥ ದೊಡ್ಡವರು ಯಾವ ಪತ್ರವನ್ನೂ ಕೊನೆಯವರೆಗೆ ಓದುವುದಿಲ್ಲವಂತೆ. ಪುರುಸೊತ್ತಿದ್ದರೆ ಮುಂದಿನದನ್ನೂ ಓದಿ. ನಿಮ್ಮ ನೀರು ಕುಡಿದು ನಮ್ಮ ಎದುರು ಮನೆಯ ಇಸ್ತ್ರಿಯವನು ವಾಂತಿಭೇದಿಯಲ್ಲಿ ಸತ್ತ. ನಿಮ್ಮವರು ಬಂದು ನನ್ನ ಸೊಸೆಯ ಅಡುಗೆಮನೆಗೆ ಬೀಗ ಜಡಿದು ಅರಗಿನ ಮೊಹರು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಗಾದೆಯನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು ನಾನು. ಎತ್ತಿಗೆ ವಿಷ ಹಾಕಿದವನೇ ಬಂದು ಎಮ್ಮೆಗೆ ಬರೆ ಎಳೆಯುವುದನ್ನು ಈ ವಯಸ್ಸಿನಲ್ಲಿ ಕಣ್ಣಾರೆ ನೋಡಿದೆ. ಅದಾದರೂ ಹಾಳಾಗಿ ಹೋಗಲಿ ಅನ್ನೋಣವೆಂದರೆ, ನಿಮ್ಮ ಕಾಗದವನ್ನು ನಂಬಿಕೊಂಡು ಇವತ್ತಿಗೂ ಒಂದು ಮನೆಯಲ್ಲಿ ಅದೇ ನೀರು ಕುಡಿಯುತ್ತಿದ್ದಾರೆ. ನಾನು ಕನ್ನಡಕ ಒರೆಸಿಕೊಂಡು ಈ ಪತ್ರಕ್ಕೆ ಕೂತಿರುವುದು ಆ ಒಂದು ಮನೆಗಾಗಿ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು, ಅದೂ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಕಾಗುಣಿತ ತಪ್ಪಿದ್ದರೆ ಇದನ್ನು ಅಚ್ಚು ಹಾಕುವ ಪತ್ರಿಕೆಯವರು ತಿದ್ದಿಕೊಳ್ಳಲಿ. ಮಾತು ಖಾರವಾಗಿದ್ದರೆ ಅದನ್ನು ಮಾತ್ರ ತಿದ್ದಬೇಡಿ ಅಂತ ಹೇಳಿ ಕಳಿಸಿದ್ದೇನೆ. "ಈ ಮುದುಕಿಗೆ ಯಾರೋ ಬರೆದುಕೊಟ್ಟಿದ್ದಾರೆ" ಅಂತ ನಿಮ್ಮ ಕಚೇರಿಯಲ್ಲಿ ಪಿಸುಗುಟ್ಟುವವರಿಗೆ ಒಂದು ಮಾತು: ಬೈಯುವುದಕ್ಕೆ ನನಗೆ ಯಾರ ಸಹಾಯವೂ ಬೇಕಾಗಿಲ್ಲ. ಬೇಕಿದ್ದರೆ ನನ್ನ ಸೊಸೆಯನ್ನು ಕೇಳಿ, ಇಷ್ಟು ವರ್ಷದಿಂದ ಕೇಳಿಸಿಕೊಂಡು ಬಂದಿದ್ದಾಳೆ.

ನಮ್ಮ ಬೀದಿ ನಿಮಗೆ ಗೊತ್ತಿರಲಾರದು. ನಿಮ್ಮ ಕಾರು ಒಳಗೆ ತಿರುಗುವಷ್ಟು ಅದು ಅಗಲವಿಲ್ಲ. ಎರಡು ಕಡೆ ಮನೆ, ನಡುವೆ ಚರಂಡಿ, ಚರಂಡಿಯ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲುಚಪ್ಪಡಿ. ಕುಡಿಯುವ ನೀರಿನ ಪೈಪು ಬೀದಿಯ ಬಾಯಲ್ಲಿ ಈ ಚರಂಡಿಯೊಳಗೆ ಇಳಿದು, ಅದರಲ್ಲೇ ಮುಳುಗಿ, ಆಚೆ ದಡದಲ್ಲಿ ಏಳುತ್ತದೆ. ಮುಳುಗಿದ ಜಾಗದಲ್ಲಿ ಅದು ಒಡೆದಿದೆ. ಒಡೆದ ಜಾಗಕ್ಕೆ ನಿಮ್ಮ ಕೆಲಸದವನು ಹಳೆಯ ಸೈಕಲ್ ಟ್ಯೂಬು ಸುತ್ತಿ, ಹಗ್ಗ ಬಿಗಿದು, "ಸದ್ಯಕ್ಕೆ ಇರಲಿ" ಅಂದು ಹೋದ. ಅವನ ಸದ್ಯ ಇನ್ನೂ ಮುಗಿದಿಲ್ಲ. ನಮಗೆ ನೀರು ದಿನ ಬಿಟ್ಟು ದಿನ. ನೀರು ಬಿಟ್ಟಾಗ ಆ ಟ್ಯೂಬಿನ ಸಂದಿಯಿಂದ ಪುಸ್ ಪುಸ್ ಅಂತ ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಪೈಪು ಬರಿದಾಗಿ, ಕೂಸು ಮೊಲೆ ಚೀಪಿದ ಹಾಗೆ ಅದೇ ಸಂದಿಯಿಂದ ಚರಂಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ಬರುವುದು ನಾವೇ ಹಿಂದಿನ ದಿನ ಚರಂಡಿಗೆ ಬಿಟ್ಟದ್ದು. ಆಮೇಲೆ ತಿಳಿಯಾಗುತ್ತದೆ. ತಿಳಿಯಾಯಿತು ಅಂದಮಾತ್ರಕ್ಕೆ ಚೊಕ್ಕ ಆಯಿತೇ? ನಗುವ ಮುಖದವರೆಲ್ಲ ಒಳ್ಳೆಯವರೇ? ನಿಮ್ಮ ಕಚೇರಿಯ ಬೋರ್ಡಿನಲ್ಲಿ ನೀರು ಮತ್ತು ನೈರ್ಮಲ್ಯ ಅಂತ ಒಟ್ಟಿಗೆ ಬರೆದಿದೆ. ನೀರೂ ನಿಮ್ಮದೇ, ಚರಂಡಿಯೂ ನಿಮ್ಮದೇ. ಒಬ್ಬರ ಕೈಗೇ ಎರಡನ್ನೂ ಕೊಟ್ಟಿದ್ದರಿಂದಲೇ ಇರಬೇಕು, ತಾವು ಎರಡಕ್ಕೂ ಭೇದ ಮಾಡಲಿಲ್ಲ. ದೊಡ್ಡ ಮನಸ್ಸು.

ಇನ್ನು ನನ್ನ ಸೊಸೆ. ನನ್ನ ಮಗ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ನಿಮ್ಮ ನಲ್ಲಿಗಿಂತ ಅಪರೂಪ. ಸೊಸೆ ದೊಡ್ಡ ರಸ್ತೆಯ ಆಚೆ ಇರುವ ಹೊಲಿಗೆ ಕಾರ್ಖಾನೆಯ ಹುಡುಗಿಯರಿಗೆ ಮಧ್ಯಾಹ್ನದ ಊಟದ ಡಬ್ಬಿ ಮಾಡಿ ಕಳಿಸುತ್ತಿದ್ದಳು. ಅವಳ ಚೊಕ್ಕತನ ಒಂದು ಕಾಯಿಲೆಯೇ ಅಂತ ನಾನು ಬೈದಿದ್ದೇನೆ. ಕುಡಿಯುವ ನೀರು ಅವಳ ಒಲೆಯ ಮೇಲೆ ಕಳಕಳ ಕುದಿಯಬೇಕು, ಗುಳ್ಳೆ ಎದ್ದು ಕುಣಿಯಬೇಕು, ಆಮೇಲೂ ಒಂದಿಷ್ಟು ಹೊತ್ತು ಕುದಿಯಬೇಕು. ಆರಿದ ಮೇಲೆ ಒಗೆದ ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಕೊಡಕ್ಕೆ ತುಂಬಬೇಕು. ಆ ಕೊಡಕ್ಕೆ ಉದ್ದ ಹಿಡಿಯ ಸೌಟು, ಸೌಟಿಗೆ ಬೇರೆ ಮೊಳೆ. ಕೈ ಅದ್ದಿದರೆ ಮುಗಿಯಿತು. ಡಬ್ಬಿಗಳನ್ನೂ ಕುದಿಯುವ ನೀರಿಗೆ ಅದ್ದಿ ತೆಗೆಯುತ್ತಿದ್ದಳು. "ಡಬ್ಬಿನ ಬೇಯಿಸಿ ಕಳಿಸ್ತೀಯೋ, ಅನ್ನನ ಬೇಯಿಸಿ ಕಳಿಸ್ತೀಯೋ?" ಅಂತ ನಾನು ಹಂಗಿಸುತ್ತಿದ್ದೆ. "ಅತ್ತೇ, ಊಟ ಮಾಡೋರು ಬೇರೆಯವರ ಮಕ್ಕಳು" ಅನ್ನುತ್ತಿದ್ದಳು. ಈ ಅಡುಗೆಮನೆಯನ್ನೇ ನೀವು ರೋಗದ ಮೂಲ ಅಂತ ಬರೆದದ್ದು.

ಇಸ್ತ್ರಿಯವನ ಕಥೆ ಕೇಳಿ. ಎದುರು ಮನೆ, ಒಂದೇ ಕೋಣೆ, ಬಾಗಿಲಿಗೆ ಅಡ್ಡವಾಗಿ ಇಸ್ತ್ರಿ ಮೇಜು. ಇದ್ದಿಲಿನ ಪೆಟ್ಟಿಗೆ ಇಟ್ಟುಕೊಂಡು ದಿನವಿಡೀ ನಿಂತೇ ಇರುವವನು. ಅವನ ಕೆಲಸದ ರೀತಿ ಒಂದಿತ್ತು. ಬಟ್ಟೆಗೆ ನೀರು ಚಿಮುಕಿಸಲು ಅವನು ಕೈ ಬಳಸುವವನಲ್ಲ. ಪಕ್ಕದ ಚೊಂಬಿನಿಂದ ಬಾಯಿ ತುಂಬ ನೀರು ತೆಗೆದುಕೊಂಡು, ಕೆನ್ನೆ ಉಬ್ಬಿಸಿ, ಫುರ್ರ್ ಅಂತ ಊದಿದರೆ ಮಂಜು ಬಿದ್ದ ಹಾಗೆ ಅಂಗಿಯ ಮೇಲೆಲ್ಲ ಸಮನಾಗಿ ಹನಿ ಕೂರುತ್ತಿತ್ತು. "ಹೆಡ್ಮಿಸ್ಸಮ್ಮ, ನೋಡಿ, ಒಂದು ಹನಿ ದೊಡ್ಡದು ಒಂದು ಚಿಕ್ಕದು ಇದೆಯಾ?" ಅಂತ ನನ್ನನ್ನು ಕರೆದು ತೋರಿಸುವನು. ಎಲ್ಲರನ್ನೂ ಗದರುತ್ತೇನೆ ಅಂತ ಅವನು ನನಗೆ ಇಟ್ಟ ಹೆಸರು ಹೆಡ್ಮಿಸ್ಸಮ್ಮ. "ಥೂ, ನಿನ್ನ ಎಂಜಲನ್ನ ಊರಿನ ದೊಡ್ಡ ಮನುಷ್ಯರಿಗೆಲ್ಲ ತೊಡಿಸ್ತೀಯಲ್ಲೋ" ಅಂದರೆ, "ಅವರ ಎಂಜಲು ನಾವು ತಿಂತೀವಲ್ಲ, ಲೆಕ್ಕ ಚುಕ್ತಾ" ಅನ್ನುವನು. ಅವನ ಮೇಜಿನ ಮೇಲಿನ ಗಂಟುಗಳಲ್ಲಿ ನಿಮ್ಮ ಕಚೇರಿಯವರ ಅಂಗಿಗಳೂ ಇರುತ್ತಿದ್ದವು. ಊದುವಾಗ ಒಂದಿಷ್ಟು ಹೊರಗೆ ಹೋದರೆ ಒಂದಿಷ್ಟು ಒಳಗೂ ಹೋಗಲೇಬೇಕಲ್ಲ. ಬೀದಿಯ ಬೇರೆಯವರು ಬಾಯಾರಿದಾಗ ಕುಡಿದರು, ಅವನು ಅಂಗಿಗೊಂದು ಗುಟುಕು ಕುಡಿದ. ಮನೆಯಲ್ಲಿ ದಿನವಿಡೀ ಕೆಂಡ ಇತ್ತು ಸ್ವಾಮಿ, ಆದರೆ ಅದು ಬೇರೆಯವರ ಅಂಗಿಗೆ. ನೀರು ಕಾಯಿಸುವಷ್ಟು ಇದ್ದಿಲು ಮಿಗುತ್ತಿರಲಿಲ್ಲ.

ಇದೂ ಹೇಳಬೇಕು. ನಮ್ಮ ಬಟ್ಟೆಗೆ ಅವನು ಇಸ್ತ್ರಿ ಹಾಕಿಕೊಡುತ್ತಿದ್ದ, ಅದಕ್ಕೆ ಬದಲಾಗಿ ನನ್ನ ಸೊಸೆ ಅವನಿಗೊಂದು ಡಬ್ಬಿ ಕೊಡುತ್ತಿದ್ದಳು. ಸಾಯುವ ಹಿಂದಿನ ದಿನವೂ ಕೊಟ್ಟಿದ್ದಳು. ನಿಮ್ಮವರು ಹಿಡಿದುಕೊಂಡದ್ದು ಈ ಒಂದು ಡಬ್ಬಿಯನ್ನೇ.

ಮಾರನೇ ದಿನ ಬೆಳಿಗ್ಗೆ ಅವನಿಗೆ ವಾಂತಿಭೇದಿ ಶುರುವಾಯಿತು. "ಏನೋ ತಿಂದದ್ದು ಆಗಿ ಬಂದಿಲ್ಲ, ತಾನೇ ನಿಲ್ಲುತ್ತೆ" ಅಂತ ಅವನು ಮೇಜು ಬಿಡಲಿಲ್ಲ. ಮಧ್ಯೆ ಮಧ್ಯೆ ಓಡುವುದು, ಬಂದು ಮತ್ತೆ ಪೆಟ್ಟಿಗೆ ಎತ್ತುವುದು. ಅವತ್ತು ನಿಮ್ಮ ಕಚೇರಿಯಲ್ಲೇ ಏನೋ ಸಭೆಯಂತೆ, ಅಂಗಿಗಳನ್ನು ಕೊಡಲೇಬೇಕಿತ್ತಂತೆ. ಮಧ್ಯಾಹ್ನ ದಾಟುವ ಹೊತ್ತಿಗೆ ಅವನ ಕಣ್ಣು ಗುಳಿಬಿದ್ದು, ದನಿ ಕೀರಲಾಗಿ, ಕೈಬೆರಳು ಬಹಳ ಹೊತ್ತು ಬಟ್ಟೆ ಒಗೆದವರ ಬೆರಳಿನ ಹಾಗೆ ಮುದುರಿಕೊಂಡಿದ್ದವು. ಅವನ ಹೆಂಡತಿ ಕಂಕುಳಲ್ಲಿ ಮಗು ಇಟ್ಟುಕೊಂಡು ಅಳುತ್ತಾ ನಿಂತಿದ್ದಳು. ನಾನೂ ನನ್ನ ಸೊಸೆಯೂ ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿ ನೋಡಿದರೆ ವರಾಂಡದಲ್ಲಿ ನಮ್ಮ ಬೀದಿಯೇ ಮಲಗಿದೆ! ಒಂದೊಂದು ಮಂಚದ ನಡುಮಧ್ಯದಲ್ಲೂ ಒಂದು ತೂತು, ತೂತಿನ ಕೆಳಗೆ ಬಕೆಟು, ಬಕೆಟಿನಲ್ಲಿ ಅಕ್ಕಿ ತೊಳೆದ ನೀರಿನಂಥದ್ದು. ಮನುಷ್ಯನೊಳಗೆ ಇಷ್ಟೊಂದು ನೀರು ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ಹುಡುಗಿ, ನನಗೆ ಮೊಮ್ಮಗಳಾಗುವ ವಯಸ್ಸು. ಅವನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಳು. ನಮ್ಮ ನಿಮ್ಮ ಚರ್ಮವಾದರೆ ತಕ್ಷಣ ಕೂರುತ್ತದೆ. ಅವನದು ಚಿವುಟಿದ ಹಾಗೇ ನಿಂತುಕೊಂಡಿತು. ಜೀವಮಾನವೆಲ್ಲ ಊರಿನ ಸುಕ್ಕು ತೆಗೆದವನ ಮೈಯಲ್ಲಿ ಒಂದು ಸುಕ್ಕು ನಿಂತುಬಿಟ್ಟಿತು ಸ್ವಾಮಿ, ತೆಗೆಯುವವರಿಲ್ಲ. ಅವನೂ ಅದನ್ನು ನೋಡಿದ. ಕೀರಲು ದನಿಯಲ್ಲೇ, "ಹೆಡ್ಮಿಸ್ಸಮ್ಮ, ನನ್ನನ್ನ ಹಿಂಡಿ ಹಿಂಡಿ ಒಣಗಿಸಿಬಿಟ್ರು. ಇನ್ನು ಇಸ್ತ್ರಿ ಹಾಕಿ ಮಡಚೋದೊಂದೇ ಬಾಕಿ" ಅಂದ. ನಾನು "ಬಾಯಿ ಮುಚ್ಚೋ ದರಿದ್ರದವನೇ" ಅಂದೆ. ಅವನಿಗೆ ನಾನು ಹೇಳಿದ ಕೊನೆಯ ಮಾತು ಅದು. ಎರಡೂ ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು, ಆದರೆ ಅವನ ಒಳಗೆ ಒಣಗಿದ್ದು ಬಹಳವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟ. ಡಾಕ್ಟರು ಹುಡುಗಿ ಗೋಡೆಗೆ ಒರಗಿ ನಿಂತು, "ಮಧ್ಯಾಹ್ನಕ್ಕೆ ಮುಂಚೆ ಕರ್ಕೊಂಡು ಬಂದಿದ್ರೆ ಉಳಿಸ್ತಿದ್ದೆ ಅಜ್ಜಿ" ಅಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ನಿಮ್ಮ ವರದಿಯಲ್ಲಿ ಇದು ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಮೇಲೆ ಅವಳೇ ನನಗೆ ಬಿಡಿಸಿ ಹೇಳಿದಳು. ಇದು ಕಾಲರಾ. ನೀರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದಷ್ಟು ಸಣ್ಣದು, ಬಾಗಿಕೊಂಡು ಅಲ್ಪವಿರಾಮದ ಹಾಗೆ ಇರುತ್ತದಂತೆ. ರೋಗಿಯ ಹೊಟ್ಟೆಯಿಂದ ಚರಂಡಿಗೆ, ಚರಂಡಿಯಿಂದ ನೀರಿಗೆ, ನೀರಿನಿಂದ ಇನ್ನೊಂದು ಹೊಟ್ಟೆಗೆ. ಇಸ್ತ್ರಿಯವನ ಭೇದಿಯಲ್ಲಿ ಅದು ಸಿಕ್ಕಿತು. ಶಾಲೆಯಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕು ಅಂತ ತಿಳಿಯದೆ ಮೇಷ್ಟರ ಕೈಲಿ ಪೆಟ್ಟು ತಿಂದವಳು ನಾನು. ಎಲ್ಲಿ ಹಾಕಬಾರದು ಅಂತ ಈಗ ಚೆನ್ನಾಗಿ ಗೊತ್ತು. ನಿಮ್ಮವರ ಬಾಯಲ್ಲಿ ಮಾತ್ರ ಕಾಲರಾ ಅನ್ನುವ ಹೆಸರು ಒಮ್ಮೆಯೂ ಬರಲಿಲ್ಲ. "ತೀವ್ರ ಸ್ವರೂಪದ ಅತಿಸಾರ ಪ್ರಕರಣಗಳು" ಅಂತೆ. ಹೆಸರು ಹೇಳದೆ ಇದ್ದರೆ ರೋಗಕ್ಕೆ ನಾಚಿಕೆಯಾಗಿ ಓಡಿಹೋಗುತ್ತದೆಯೇ?

ಈಗ ಬಾಟಲಿಯ ಸಂಗತಿಗೆ ಬರುತ್ತೇನೆ. ಇಡೀ ಪತ್ರದ ಗಂಟು ಇಲ್ಲಿದೆ, ದಯವಿಟ್ಟು ನಿದ್ದೆ ಮಾಡಬೇಡಿ.

ಇಸ್ತ್ರಿಯವನು ಸತ್ತ ಮೇಲೆ ನಿಮ್ಮ ಕಚೇರಿಯಿಂದ ಮಾದರಿ ಸಂಗ್ರಹಿಸುವವನೊಬ್ಬ ಬಂದ. ಬಂದದ್ದು ನೀರು ಬಿಡದ ದಿನ. ನಮ್ಮ ಬೀದಿಗೆ ಯಾವ ದಿನ ನೀರು ಅಂತ ನಮ್ಮ ಮನೆಯ ಬೆಕ್ಕಿಗೂ ಗೊತ್ತು, ನೀರಿನ ಕಚೇರಿಗೆ ಗೊತ್ತಿಲ್ಲ. ನಮ್ಮ ನಲ್ಲಿ ತಿರುಗಿಸಿದ, ಅದು ಕೆಮ್ಮಿ ಸುಮ್ಮನಾಯಿತು. ಬಿಸಿಲು ಜೋರಿತ್ತು, ಅವನಿಗೆ ಇನ್ನೊಂದು ಸಲ ಬರುವ ಮನಸ್ಸಿರಲಿಲ್ಲ. ಬಾಟಲಿಯನ್ನು ನನ್ನ ಸೊಸೆಯ ಕಡೆ ಚಾಚಿ, "ಮನೇಲಿ ಇರೋ ನೀರನ್ನೇ ಹಾಕಿ ಕೊಡಮ್ಮ, ಪರೀಕ್ಷೆಗೆ" ಅಂದ. ಸಾಹೇಬರೇ, ಆ ಹೊತ್ತಿಗೆ ಬೀದಿಯಲ್ಲಿ ಅವಳ ಡಬ್ಬಿಯ ಬಗ್ಗೆ ಗುಸುಗುಸು ಎದ್ದಿತ್ತು. ಬಾಗಿಲಿಗೆ ಸರ್ಕಾರ ಬಂದು ಪರೀಕ್ಷೆ ಅಂದಿದೆ. ನಮ್ಮಂಥವರ ಮನೆಯಲ್ಲಿ ಪರೀಕ್ಷೆ ಅಂದರೆ ಏನು ಮಾಡುತ್ತಾರೆ? ಇದ್ದುದರಲ್ಲಿ ಚೆನ್ನಾಗಿರುವುದನ್ನು ಮುಂದಿಡುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಒಡೆದ ಲೋಟ ತೋರಿಸುತ್ತಾರೆಯೇ? ಮೂಲೆಯ ಬಕೆಟಿನಲ್ಲಿ ಹಿಂದಿನ ದಿನ ಹಿಡಿದ ನಲ್ಲಿ ನೀರು ಇತ್ತು, ನೆಲ ಒರೆಸಲು ಇಟ್ಟದ್ದು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಮುಚ್ಚಳದ ಕೊಡದಿಂದ, ಉದ್ದ ಹಿಡಿಯ ಸೌಟಿನಲ್ಲಿ, ಕುದಿಸಿ ಆರಿಸಿ ಸೋಸಿದ ನೀರನ್ನು ಒಂದು ಹನಿ ಚೆಲ್ಲದ ಹಾಗೆ ತುಂಬಿಸಿ ಕೊಟ್ಟಳು. "ನೋಡಿ ಸಾರ್, ನಮ್ಮನೇಲಿ ಎಷ್ಟು ಶುದ್ಧ ಅಂತ ನಿಮಗೇ ಗೊತ್ತಾಗುತ್ತೆ" ಅಂತ ಹೆಮ್ಮೆಯಿಂದ ಹೇಳಿದಳು. ಅವನು ಮುಚ್ಚಳ ತಿರುಗಿಸಿ, ಚೀಟಿ ಅಂಟಿಸಿ, ನಮ್ಮ ಬೀದಿಯ ಹೆಸರು ಬರೆದುಕೊಂಡು ಹೋದ. ಹೋಗುವಾಗ ಅದೇ ಕೊಡದಿಂದ ಒಂದು ಲೋಟ ಕುಡಿದು, "ಚೆನ್ನಾಗಿದೆಯಮ್ಮ ನೀರು" ಅಂತಲೂ ಅಂದ.

ಚೆನ್ನಾಗಿರದೆ ಏನು! ನಿಮ್ಮ ಪ್ರಯೋಗಶಾಲೆಯವರು ಸುಳ್ಳು ಹೇಳಲಿಲ್ಲ. ಆ ಬಾಟಲಿಯಲ್ಲಿದ್ದ ನೀರು ನಿಜವಾಗಿಯೂ ಶುದ್ಧ. ಪಟ್ಟಣದ ನೀರಿನ ಪರೀಕ್ಷೆಯಲ್ಲಿ ಪಾಸಾದದ್ದು ನನ್ನ ಸೊಸೆಯ ಒಲೆ. ಅದರ ಅಂಕವನ್ನು ನೀವು ನಿಮ್ಮ ಪೈಪಿನ ಹೆಸರಿಗೆ ಬರೆದುಕೊಂಡಿರಿ. ಆಮೇಲೆ ಅದೇ ಕೈಯಲ್ಲಿ ಇನ್ನೊಂದು ಸಾಲು ಬರೆದಿರಿ: ನೀರು ಶುದ್ಧವಾಗಿರುವುದರಿಂದ ರೋಗವು ಆಹಾರದಿಂದ ಹರಡಿರುತ್ತದೆ, ಮೃತನು ಸದರಿ ಮನೆಯ ಆಹಾರ ಸೇವಿಸಿರುತ್ತಾನೆ, ಆದ್ದರಿಂದ ಸದರಿ ಅಡುಗೆಮನೆಯನ್ನು ಮುಚ್ಚತಕ್ಕದ್ದು. ಅವಳ ನೀರು ಶುದ್ಧವಾದದ್ದರಿಂದಲೇ ಅವಳ ಅಡುಗೆಮನೆ ಕೊಳಕು ಅಂತ ಸಾಬೀತಾಯಿತು. ಇಂಥ ಬುದ್ಧಿ ಮೂರನೇ ಕ್ಲಾಸಿನಲ್ಲಿ ಹೇಳಿಕೊಡುವುದಿಲ್ಲ, ದೊಡ್ಡ ಓದೇ ಬೇಕು.

ಒಂದು ಸಲ ಬೀದಿಯಲ್ಲಿ ನಡೆದು ನೋಡಬೇಕಿತ್ತು. ಹೊಲಿಗೆ ಕಾರ್ಖಾನೆಯ ಹುಡುಗಿಯರು ದಿನವೂ ಅವಳ ಡಬ್ಬಿ ಉಂಡರು, ಒಬ್ಬಳೂ ಹಾಸಿಗೆ ಹಿಡಿಯಲಿಲ್ಲ. ಅವರ ನೀರಿನ ಪೈಪು ಬೇರೆ. ಇತ್ತ ನಮ್ಮ ಪಕ್ಕದ ಮನೆಯ ಗಡಿಯಾರ ರಿಪೇರಿಯವನ ತಾಯಿಯನ್ನು ನೋಡಿ. ನಮಗೂ ಅವಳಿಗೂ ಒಂದು ಮೋರಿಗೋಡೆಯ ವಿಷಯದಲ್ಲಿ ಜಗಳವಾಗಿ ಮಾತು ಬಿಟ್ಟು ಯಾವ ಕಾಲವಾಯಿತು. ನಮ್ಮ ಒಗ್ಗರಣೆಯ ವಾಸನೆ ಬಂದರೂ ಕಿಟಕಿ ಮುಚ್ಚುವ ಹೆಂಗಸು. ನನ್ನ ಸೊಸೆಯ ಅಡುಗೆ ಅವಳ ಹೊಟ್ಟೆ ಸೇರಬೇಕಾದರೆ ಮೊದಲು ಅವಳು ಸಾಯಬೇಕು, ಇಲ್ಲ ನಾನು ಸಾಯಬೇಕು. ಅಂಥವಳಿಗೂ ಬಂತಲ್ಲ? ಆಸ್ಪತ್ರೆಯಲ್ಲಿ ಇಸ್ತ್ರಿಯವನ ಪಕ್ಕದ ಮಂಚದಲ್ಲೇ ಮಲಗಿ, ಕಣ್ಣು ತೆರೆದು ನನ್ನನ್ನು ನೋಡಿ, "ನೀನಾ? ಹಾಗಾದ್ರೆ ನಾನಿನ್ನೂ ಸತ್ತಿಲ್ಲ" ಅಂದಳು. ಪುಣ್ಯವಂತೆ, ಬದುಕಿದಳು. ಈಗ ಅವಳೇ ಬೀದಿಯಲ್ಲಿ ನಿಂತು, "ನಾನು ಆ ಮನೆ ಅನ್ನ ಮುಟ್ಟೋಳಲ್ಲ, ನನಗೆ ಹೆಂಗೆ ಬಂತು ಕೇಳ್ರಿ" ಅಂತ ಕೂಗುತ್ತಾಳೆ. ನಮ್ಮ ಪರ ಸಾಕ್ಷಿ ಹೇಳುವುದಕ್ಕೆ ಶತ್ರು ಇದ್ದಾಳೆ, ಕೇಳುವುದಕ್ಕೆ ನಿಮ್ಮವರಿಲ್ಲ.

ಇದನ್ನೆಲ್ಲ ಹೇಳೋಣವೆಂದು ನಾನೂ ಸೊಸೆಯೂ ನಿಮ್ಮ ಕಚೇರಿಗೆ ಬಂದಿದ್ದೆವು. ತಾವು ಒಳಗಿದ್ದಿರಿ, ಆದರೆ ಇರಲಿಲ್ಲವಂತೆ. ಕನ್ನಡಕದ ಗುಮಾಸ್ತನೊಬ್ಬ ನಮ್ಮನ್ನು ನಿಲ್ಲಿಸಿಕೊಂಡೇ ಮಾತಾಡಿದ.

"ವರದಿ ಬಂದಾಗಿದೆ ಅಜ್ಜಿ. ನೀರು ಶುದ್ಧ."

"ಯಾವ ನೀರಪ್ಪಾ?"

"ನಿಮ್ಮ ಬೀದಿ ನೀರು."

"ಅದು ಇವಳು ಕಾಯಿಸಿದ ನೀರು ಕಣಪ್ಪಾ. ಇವಳೇ ನಿಂತಿದಾಳೆ, ಕೇಳು."

ನನ್ನ ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, ಬಹಳ ಯೋಚನೆ ಮಾಡಿ, "ಅಂದ್ರೆ ನೀವು ಸರ್ಕಾರಿ ಮಾದರಿ ಬಾಟಲಿಗೆ ಬೇರೆ ನೀರು ಹಾಕಿದ್ರಿ ಅಂತ ಒಪ್ಕೊಳ್ತೀರಾ?" ಅಂದ.

"ಬೇರೆ ನೀರಲ್ಲ ಸಾರ್, ಒಳ್ಳೆ ನೀರು" ಅಂದಳು ಇವಳು.

"ಒಳ್ಳೇದೋ ಕೆಟ್ಟದ್ದೋ, ಮಾದರಿ ಕಲಬೆರಕೆ ಮಾಡೋದು ಅಪರಾಧ ಅಮ್ಮಾ. ಬರೆದು ಕೊಡಿ ಬೇಕಾದ್ರೆ, ಕೇಸು ಹಾಕ್ತೀವಿ. ಇಲ್ಲಾಂದ್ರೆ ವರದಿ ಸರಿ ಇದೆ ಅಂತ ಮನೆಗೆ ಹೋಗಿ."

"ನಿಮ್ಮ ಕೆಲಸದವನೇ ಬಾಟಲಿ ಚಾಚಿದ್ದು" ಅಂದೆ ನಾನು.

"ಅವರು ನಲ್ಲಿಯಿಂದಲೇ ಹಿಡಿದೆ ಅಂತ ಬರೆದಿದಾರಲ್ಲ."

"ನಲ್ಲೀಲಿ ನೀರೇ ಇರಲಿಲ್ಲ, ಅವತ್ತು ನೀರಿನ ದಿನ ಅಲ್ಲ."

"ನೀರಿನ ದಿನ ಅಲ್ಲದೆ ಇದ್ರೂ ಬಂದಿದೆ ಅಂದ್ರೆ, ಇಲಾಖೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ."

ನಾನು ಅಲ್ಲೇ ಕಾಲು ಚಾಚಿ ಕೂತುಬಿಡುತ್ತಿದ್ದೆ, ಸೊಸೆ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಬರುವಾಗ ನಿಮ್ಮ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮೇಜಿನ ಮೇಲೆ ಅಂಗಡಿಯಿಂದ ತಂದ ಬಾಟಲಿ ನೀರು ಸಾಲಾಗಿ ನಿಂತಿತ್ತು, ಮುಚ್ಚಳದ ಸೀಲು ಒಡೆಯದ್ದು. ಸಾಹೇಬರ ನೀರಿಗೂ ಸೀಲು, ನನ್ನ ಸೊಸೆಯ ಒಲೆಗೂ ಸೀಲು. ಸೀಲು ಇಲ್ಲದ್ದು ಚರಂಡಿಯಲ್ಲಿರುವ ಆ ಪೈಪಿಗೆ ಮಾತ್ರ.

ಅದಾದ ಮೇಲೆ ನಿಮ್ಮ ಕಚೇರಿಯಿಂದ ಬಣ್ಣದ ಚಿತ್ರಗಳು ಬಂದವು. ಕೈ ತೊಳೆಯಿರಿ, ತರಕಾರಿ ತೊಳೆಯಿರಿ, ಪಾತ್ರೆ ತೊಳೆಯಿರಿ. ಯಾವ ನೀರಿನಲ್ಲಿ ಅಂತ ಮಾತ್ರ ಬರೆಯಲಿಲ್ಲ. ತಪ್ಪು ನಮ್ಮ ಕೈಯಲ್ಲಿದೆ, ನಮ್ಮ ಉಗುರಿನಲ್ಲಿದೆ, ನಮ್ಮ ಹೆಂಗಸರ ಸೆರಗಿನಲ್ಲಿದೆ. ಪೈಪಿನಲ್ಲಿ ಮಾತ್ರ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮದು ಅದಕ್ಕಿಂತ ಒಂದು ಕೈ ಮೇಲು: ನೋಡಲು ಬಂದವರ ಕಣ್ಣೇ ಡೊಂಕು ಅನ್ನುತ್ತೀರಿ.

ಇರಲಿ. ಸೀಲು ಬಿದ್ದ ಮೇಲೆ ನಾವು ಹಿತ್ತಿಲಲ್ಲಿ ಮೂರು ಕಲ್ಲು ಹೂಡಿಕೊಂಡು ಬೇಯಿಸುತ್ತಿದ್ದೇವೆ. ಡಬ್ಬಿಗಳು ಅಟ್ಟ ಸೇರಿವೆ. ಹೊಟ್ಟೆಪಾಡು ಹೇಗೋ ಆಗುತ್ತದೆ, ನಾನು ಅದಕ್ಕೆ ಅಳುವವಳಲ್ಲ. ಅಳಬೇಕಾದದ್ದು ಬೇರೆ ಇದೆ, ಅದು ನಮ್ಮ ಎದುರಿಗೇ ಇದೆ.

ಇಸ್ತ್ರಿಯವನ ಹೆಂಡತಿ ನನ್ನ ಸೊಸೆಗೆ ತಂಗಿಯ ಹಾಗಿದ್ದವಳು. ಅಕ್ಕಾ ಅಕ್ಕಾ ಅಂತ ಬೆನ್ನು ಹತ್ತಿದವಳು. ಇವಳ ಕೈಯ ಅನ್ನ ತನ್ನ ಗಂಡನನ್ನು ತಿಂದಿತು ಅಂತ ಈಗ ಅವಳು ನಂಬಿದ್ದಾಳೆ. ನಂಬದೆ ಏನು ಮಾಡುತ್ತಾಳೆ, ದೊಡ್ಡ ಸಾಹೇಬರು ಸಹಿ ಹಾಕಿದ್ದಾರಲ್ಲ. ನಿಮ್ಮ ಕಾಗದವನ್ನು ಅವಳು ತನ್ನ ನಲ್ಲಿಯ ಮೇಲೇ ಅನ್ನದ ಅಗುಳಿನಲ್ಲಿ ಅಂಟಿಸಿಕೊಂಡಿದ್ದಾಳೆ. ನನ್ನ ಸೊಸೆ ದಿನವೂ ನೀರು ಕಾಯಿಸಿ, ಆರಿಸಿ, ಸೋಸಿ, ಒಂದು ತಂಬಿಗೆಯನ್ನು ಅವಳ ಹೊಸ್ತಿಲಲ್ಲಿ ಇಟ್ಟು ಬರುತ್ತಾಳೆ. ಅವಳು ಹೊರಗೆ ಬಂದು, ನಾವು ನೋಡಲಿ ಅಂತಲೇ, ಅದನ್ನು ಚರಂಡಿಗೆ ಸುರಿದು, ತಂಬಿಗೆಯನ್ನು ನಮ್ಮ ಬಾಗಿಲಿಗೆ ಉರುಳಿಸುತ್ತಾಳೆ. ಒಂದು ದಿನ ನಾನೇ ಹೋಗಿ ಕೈ ಮುಗಿದೆ. "ನನ್ನ ಮೇಲೆ ಸಿಟ್ಟಿದ್ರೆ ನನಗೆ ಎರಡು ಬಾರಿಸಮ್ಮ. ಆ ನಲ್ಲಿ ನೀರು ಕುಡೀಬೇಡ" ಅಂದೆ. ಅವಳು ಗೋಡೆ ತೋರಿಸಿ, "ಅಜ್ಜಿ, ಸರ್ಕಾರನ ನಂಬಲಾ, ನಿಮ್ಮ ಸೊಸೆನ ನಂಬಲಾ?" ಅಂದಳು. ಹೇಳಿ ಸಾಹೇಬರೇ, ಏನು ಉತ್ತರ ಕೊಡಲಿ? ಸರ್ಕಾರವನ್ನು ನಂಬಬೇಡ ಅಂತ ನಾನು ಹೇಳಿದರೆ ಅದಕ್ಕೂ ನಿಮ್ಮ ಗುಮಾಸ್ತ ಕೇಸು ಹಾಕುತ್ತಾನೆ.

ಅವಳಿಗೊಂದು ಹೆಣ್ಣುಮಗು, ಈಗ ತಾನೇ ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದೆ. ಅಪ್ಪನದೇ ಕೆನ್ನೆ, ಉಬ್ಬಿಕೊಂಡೇ ಇರುತ್ತದೆ. ಪುಟ್ಟ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಗಟಗಟ ಕುಡಿದು, ಕೊನೆಯ ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು ಫುರ್ರ್ ಅಂತ ಊದುತ್ತದೆ. ಅಪ್ಪನನ್ನು ನೋಡಿ ಕಲಿತದ್ದು. ಊದಿ, ನಮ್ಮ ಕಡೆ ನೋಡಿ ನಗುತ್ತದೆ. ಮೊದಲಾದರೆ ನಾನೂ ನಗುತ್ತಿದ್ದೆ. ಈಗ ಆ ಸದ್ದು ಕೇಳಿದರೆ ನನ್ನ ಸೊಸೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಆಳೆತ್ತರದ ಗಂಡಸಿನ ಮೈಯನ್ನು ಒಣಗಿಸಲು ಆ ರೋಗಕ್ಕೆ ಹಗಲು ಮುಗಿಯುವಷ್ಟು ಹೊತ್ತು ಸಾಕಾಯಿತು. ಆ ಮಗುವಿನ ಮೈಯಲ್ಲಿ ನೀರು ಎಷ್ಟಿದ್ದೀತು?

ಆದ್ದರಿಂದ ಕೇಳುತ್ತಿದ್ದೇನೆ. ಆ ನೀರನ್ನು ನೀವು ಕುಡಿದು ತೋರಿಸಿ ಅಂತ ಕೇಳುವುದಿಲ್ಲ. ಬೇರೆಯವರು ಹಾಗೆ ಸವಾಲು ಹಾಕುತ್ತಾರೆ, ನಾನು ಹಾಕುವುದಿಲ್ಲ. ಕುಡಿದವರ ಕೆಳಗಿನ ಬಕೆಟು ಹೊತ್ತು ಚೆಲ್ಲಿದವಳು ನಾನು, ಅದನ್ನು ಶತ್ರುವಿಗೂ ಬಯಸಲಾರೆ. ನೀರಿನ ದಿನವೇ ಬನ್ನಿ. ಯಾವ ದಿನ ಅಂತ ತಿಳಿಯದಿದ್ದರೆ ನಮ್ಮ ಬೆಕ್ಕನ್ನು ಕಳಿಸಿಕೊಡುತ್ತೇನೆ. ಇಸ್ತ್ರಿಯವನ ಮನೆಯ ನಲ್ಲಿಯಿಂದ, ಅವನ ಹೆಂಡತಿ ನೋಡುತ್ತಿರುವಾಗ, ಮೊದಲು ಬರುವ ನೀರನ್ನು ನಿಮ್ಮ ಕೈಯಿಂದಲೇ ಬಾಟಲಿಗೆ ಹಿಡಿಯಿರಿ. ಪರೀಕ್ಷೆಯಲ್ಲಿ ಏನು ಬರುತ್ತದೋ ಅದನ್ನು ರೋಗದ ಹೆಸರು ಸಮೇತ ಬರೆಯಿರಿ. ಪೈಪನ್ನು ಚರಂಡಿಯಿಂದ ಮೇಲೆತ್ತಿ. ನನ್ನ ಸೊಸೆಯ ಒಲೆಯ ಸೀಲು ಯಾವಾಗ ಬೇಕಾದರೂ ತೆಗೆಯಿರಿ, ಅದಕ್ಕೆ ಅವಸರವಿಲ್ಲ. ಆದರೆ ಒಂದು ಕೆಲಸಕ್ಕೆ ಪರೀಕ್ಷೆ ಬೇಡ, ಸಭೆ ಬೇಡ, ಯಾರ ಅನುಮತಿಯೂ ಬೇಡ. ಆ ನಲ್ಲಿಯ ಮೇಲಿನ ಕಾಗದವನ್ನು ಕಿತ್ತು ಹಾಕಿ. ನಾವು ಕಿತ್ತರೆ ಅವಳು ನಂಬುವುದಿಲ್ಲ. ಸಹಿ ಹಾಕಿದ ಕೈಯೇ ಕೀಳಬೇಕು. ಕಿತ್ತು, ಅವಳ ಹೊಸ್ತಿಲಲ್ಲಿ ನಿಂತು, "ತಂಗೀ, ಮಗುವಿಗೆ ಈ ನೀರು ಕೊಡಬೇಡ, ಎದುರು ಮನೆಯದು ಕೊಡು" ಅಂತ ಒಂದು ಮಾತು ಹೇಳಿ ಹೋಗಿ. ಒಳಗೆ ಕರೆದು ಕೂರಿಸದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಬಾಯಾರಿದ್ದರೆ ನಮ್ಮ ಮನೆಗೆ ಬನ್ನಿ, ನನ್ನ ಸೊಸೆ ನೀರು ಕೊಡುತ್ತಾಳೆ. ಹಿತ್ತಿಲ ಮೂರು ಕಲ್ಲಿನ ಮೇಲೆ ಈಗಲೂ ಅಷ್ಟೇ ಹೊತ್ತು ಕುದಿಸುತ್ತಾಳೆ.

ಈ ಪತ್ರ ಅಚ್ಚಾಗಿ ನಿಮ್ಮ ಮೇಜಿಗೆ ಬರುವ ಹೊತ್ತಿಗೆ ನಮ್ಮ ಬೀದಿಗೆ ಮತ್ತೆ ನೀರಿನ ದಿನ ಬಂದಿರುತ್ತದೆ. ನಲ್ಲಿ ಕೆಮ್ಮುವುದಕ್ಕೆ ಮುಂಚೆ ಬನ್ನಿ. ಆ ಮಗು ಬೇಗ ಏಳುತ್ತದೆ.

ಇಂತಿ,
ಸರ್ಕಾರದ ಬಾಟಲಿಗೆ ಶುದ್ಧ ನೀರು ಹಾಕಿದ ಅಪರಾಧಿಯ ಅತ್ತೆ